ಪರಸ್ಥಳದಿಂದ ಬಂದವರ ಜೀವನೋಪಾಯ

ಸ್ವದೇಶವನ್ನು ಬಿಟ್ಟು ಬಂದವನಿಗೆ ಊಟ ಕೊಡುವದು ಒಂದು, ಆ ಊಟವನ್ನು ಅವನೇ ಸಂಪಾದಿಸುವ ದಾರಿಯನ್ನು ತೆರೆದುಕೊಡುವದು ಮತ್ತೊಂದು. ಮೊದಲನೆಯದನ್ನು ನಮ್ಮ ಹಳ್ಳಿಗಳವರು ಬಲ್ಲರು; ಹಸಿದು ಬಾಗಲಿಗೆ ಬಂದವನನ್ನು ಬರಿಗೈಯಲ್ಲಿ ಕಳುಹಿಸುವವರು ವಿರಳ. ಎರಡನೆಯದು ಕಷ್ಟವಾದದ್ದು. ಆದಕಾರಣ ನಮ್ಮ ಕನ್ನಡ ಸೀಮೆಯಲ್ಲಿಯೇ ನಡೆದ ಎರಡು ಸಂಗತಿಗಳನ್ನು ಒಂದರ ಮಗ್ಗುಲಲ್ಲಿ ಮತ್ತೊಂದನ್ನಿಟ್ಟು ನೋಡೋಣ.

ವಾಚಕರೇ, ಈ ವಿಷಯವು ನಮಗೆ ಹೊರಗಿನದಲ್ಲ. ನಮ್ಮ ಹಿರಿಯರಲ್ಲಿ ಅನೇಕರು ಊರನ್ನು ಬಿಡದೆ ಇದ್ದರೂ ಜಾತಿಯನ್ನು ಬಿಟ್ಟದ್ದರಿಂದ, ಗೇಣಿಯ ಭೂಮಿಯನ್ನೂ ಕುಲಕಸುಬನ್ನೂ ಕಳಕೊಂಡು ಸ್ವಂತ ಊರಿನಲ್ಲಿಯೇ ಪರದೇಶಿಗಳಾದರು. ಅಂಥವರಿಗೋಸ್ಕರ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕೈಗಾರಿಕೆಗಳನ್ನು ನಡಿಸಿದರು. 1851ರಲ್ಲಿ ಬಂದ ಹಾಲರ್ ಎಂಬವರು ನೇಯಿಗೆಯನ್ನು ಬೆಳೆಯಿಸಿದರು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಇದರಿಂದ ಎಷ್ಟೋ ಮನೆಗಳಲ್ಲಿ ಒಲೆ ಉರಿಯಿತು. ಆದರೆ ಕೂಲಿ ಕೊಡುವವರೂ ಸಭೆಯನ್ನು ಆಳುವವರೂ ಒಂದೇ ಮಿಶನ್ನಿನವರಾದದ್ದರಿಂದ ಜನರು ಎಲ್ಲದಕ್ಕೂ ಆ ಒಂದೇ ಕೈಯನ್ನು ನೋಡುವವರಾದರು ಎಂಬದನ್ನೂ ಮರೆಮಾಚಬಾರದು. ಮೊದಲನೆಯ ಮಹಾಯುದ್ಧದ ದೆಸೆಯಿಂದ ಆ ಕಾರ್ಖಾನೆಗಳು ಮಿಶನ್ನಿನ ಕೈಬಿಟ್ಟು ಹೋದವು.

ಇನ್ನು ಬೈಲಕುಪ್ಪೆಗೆ ಬರೋಣ. 1959ರಲ್ಲಿ ದಲಾಯಿ ಲಾಮರು ಟಿಬೆಟಿನಿಂದ ಹಿಂದೂದೇಶಕ್ಕೆ ಬಂದಾಗ, ಅವರ ಹಿಂದೆ ಸುಮಾರು 80,000 ಜನರು ಪರ್ವತಗಳನ್ನು ದಾಟಿ ಬಂದರು. ಇವರಲ್ಲಿ ಬಹು ಮಂದಿ ಹಿಮಾಲಯದ ಇಳುಕಲುಗಳಲ್ಲಿ ರಸ್ತೆ ಕಡಿಯುವ ಕೆಲಸಕ್ಕೆ ಹೋದರು. ಅದು ಕೆಲಸವು ಹೌದು, ಜೀವನೋಪಾಯವಲ್ಲ. ಯಾಕಂದರೆ ರಸ್ತೆ ಮುಗಿದಲ್ಲಿ ಕೂಲಿಯೂ ಮುಗಿಯುವದು, ಡೇರೆಯನ್ನು ಕಿತ್ತು ಮುಂದಕ್ಕೆ ಹೋಗಬೇಕು, ಮಕ್ಕಳಿಗೆ ಶಾಲೆಯಿಲ್ಲ. ಹೀಗಿರಲಾಗಿ ಆಗಿನ ಮೈಸೂರು ಸರಕಾರವು ಪಿರಿಯಾಪಟ್ಟಣದ ಸೀಮೆಯಲ್ಲಿ ಸುಮಾರು 3,000 ಎಕರೆ ಕಾಡನ್ನು ಅವರಿಗೆ ಬಿಟ್ಟುಕೊಟ್ಟಿತು. 1960ರ ಕೊನೆಯಲ್ಲಿ ಮೊದಲಿನವರು ಬಂದು ಇಳಿದರು.

ಆ ಮೊದಲಿನ ವರುಷಗಳ ಕಷ್ಟವನ್ನು ಸ್ವಲ್ಪ ಆಲೋಚಿಸಿರಿ. ಚಳಿಯ ದೇಶದಲ್ಲಿ ಕುರಿ, ಚಮರೀಮೃಗಗಳನ್ನು ಮೇಯಿಸಿದವರು, ಬಾರ್ಲಿ ಬಿತ್ತಿದವರು. ಇಲ್ಲಿ ಬಿಸಿಲು, ಬಿದಿರುಮೆಳೆ, ರಾತ್ರಿಯಲ್ಲಿ ಆನೆ. ಹಲವರು ರೋಗದಿಂದ ಸತ್ತರು. ಮರಗಳನ್ನು ಕಡಿದು, ಬೇರುಗಳನ್ನು ಸುಟ್ಟು, ತಲೆಗೆ ಒಂದು ಎಕರೆಯಂತೆ ಭೂಮಿಯನ್ನು ಹಂಚಿಕೊಂಡರು. ತಾವು ಬಲ್ಲ ಬೆಳೆಯು ಈ ನೆಲಕ್ಕೆ ಒಗ್ಗದೆ ಇದ್ದದರಿಂದ ಮುಸುಕಿನ ಜೋಳವನ್ನು ಬೆಳೆಯಲು ಕಲಿತರು. ನಮ್ಮ ಅಭಿಪ್ರಾಯದಲ್ಲಿ ಭೂಮಿಗಿಂತಲೂ ಹೆಚ್ಚಾಗಿ ಅವರನ್ನು ಎತ್ತಿದ್ದು ಅವರ ಸಹಕಾರ ಸಂಘವೇ. ಒಂದು ಎಕರೆಯವನು ಟ್ರ್ಯಾಕ್ಟರನ್ನು ಕೊಳ್ಳಲಾರನು. ಸಂಘವು ಕೊಂಡು ಎಲ್ಲರ ಹೊಲವನ್ನು ಉಳಬಲ್ಲದು. ಬೀಜ, ಗೊಬ್ಬರ, ಬೆಳೆಯ ಮಾರಾಟ, ರತ್ನಗಂಬಳಿಯ ನೇಯಿಗೆ ಇವೆಲ್ಲಾ ಒಟ್ಟಾಗಿ ನಡೆದವು. ಸರಕಾರವೂ ಹೊರದೇಶದ ಸಹಾಯಕರೂ ಹಣ ಕೊಟ್ಟರು. ಇವರನ್ನು ನೆಲೆಗೊಳಿಸುವದಕ್ಕೋಸ್ಕರ 1968ರಲ್ಲಿ ಹುಟ್ಟಿದ ಮೈರಾಡ ಎಂಬ ಸಂಸ್ಥೆಯು ಮುಂದೆ ಸುತ್ತಲಿನ ಬಡ ಹಳ್ಳಿಗಳ ಕೆಲಸಕ್ಕೆ ತಿರುಗಿತು.

ಮಳೆಯನ್ನು ನಂಬಿದ ಒಂದೇ ಬೆಳೆಯು ವರುಷವೆಲ್ಲಾ ಉಣಿಸಲಾರದು. ಆದದರಿಂದ ಕೊಯ್ಲಾದ ಬಳಿಕ ಗಂಡಸರೂ ಹೆಂಗಸರೂ ಲೂಧಿಯಾನದ ವ್ಯಾಪಾರಿಗಳಿಂದ ಸ್ವೆಟರುಗಳನ್ನು ಸಾಲವಾಗಿ ತಂದು, ಚಳಿಗಾಲದಲ್ಲಿ ಪಟ್ಟಣಗಳ ಬೀದಿ ಬದಿಯಲ್ಲಿ ಮಾರಿ, ಮರಳಿ ಹೋಗಿ ಸಾಲವನ್ನು ತೀರಿಸುವ ರೂಢಿ ಬೆಳೆಯಿತು. ಒತ್ತೆಯಿಡುವದಕ್ಕೆ ಏನೂ ಇಲ್ಲದವರಿಗೆ ಸಾಲ ಹುಟ್ಟಿದ್ದು ಮಾತಿನ ನಂಬಿಕೆಯಿಂದಲೇ. ಕ್ಲೌದ್ಯನ ಅಪ್ಪಣೆಯಿಂದ ರೋಮಿನಿಂದ ಹೊರಡಿಸಲ್ಪಟ್ಟ ಅಕ್ವಿಲನೂ ಪ್ರಿಸ್ಕಿಲ್ಲಳೂ ಕೊರಿಂಥದಲ್ಲಿ ಡೇರೆ ಮಾಡಿ ಬದುಕಿದ್ದನ್ನು ನೀವು ಓದಿದ್ದೀರಷ್ಟೆ. ಕೈಯಲ್ಲಿರುವ ಕಸುಬು ಗಡಿ ದಾಟುವಾಗ ಯಾರಿಗೂ ಸುಂಕ ಕೊಡಬೇಕಾಗಿಲ್ಲ. ಇನ್ನೊಂದು ವಿಶೇಷವೇನಂದರೆ, ಸಹಾಯ ಬೇಡಿ ಬಂದ ಈ ಜನರ ಹೊಲಗಳಲ್ಲಿ ಕಾಲಕ್ರಮದಲ್ಲಿ ನೆರೆಯ ಕನ್ನಡದವರೇ ಕೂಲಿಗೆ ಹೋಗುವಂತಾಯಿತು.

ಎರಡನೆಯ ಸಂಗತಿಯು ಸುಳ್ಯ, ಪುತ್ತೂರುಗಳದ್ದು. ಬ್ರಿಟಿಷರ ಕಾಲದಲ್ಲಿ ತಮಿಳು ಸೀಮೆಯಿಂದ ಸಿಲೋನಿನ ಕಾಫಿ, ಚಹಾ ತೋಟಗಳಿಗೆ ಒಯ್ಯಲ್ಪಟ್ಟ ಕೂಲಿಯವರ ಸಂತತಿಯವರು 1948ರ ಅಲ್ಲಿನ ಪೌರತ್ವದ ಕಾನೂನಿನಿಂದ ಯಾವ ದೇಶಕ್ಕೂ ಸೇರದವರಾದರು. 1964ರ ಅಕ್ಟೋಬರದಲ್ಲಿ ಶಾಸ್ತ್ರಿಯವರೂ ಸಿರಿಮಾವೋ ಬಂಡಾರನಾಯಕೆಯವರೂ ಮಾಡಿದ ಒಡಂಬಡಿಕೆಯಂತೆ ಅವರಲ್ಲಿ 5,25,000 ಮಂದಿಯನ್ನು ಹಿಂದೂದೇಶವು ಸ್ವೀಕರಿಸಲು ಒಪ್ಪಿತು. ಹಾಗೆ ಬಂದವರಲ್ಲಿ ಕೆಲವು ಕುಟುಂಬಗಳಿಗೆ ದಕ್ಷಿಣ ಕನ್ನಡದ ಸರಕಾರಿ ರಬ್ಬರ್ ತೋಟಗಳಲ್ಲಿ ಕೆಲಸವೂ ಮನೆಯೂ ದೊರಕಿದವು.

ಇದು ದೊಡ್ಡ ಉಪಕಾರ. ಬಂದ ಕೂಡಲೆ ಸಂಬಳ ಸಿಕ್ಕಿತು. ಬೈಲಕುಪ್ಪೆಯವರಂತೆ ಕಾಡು ಕಡಿದು ಬೆಳೆಗೆ ಕಾಯುವ ಕಷ್ಟ ಇವರಿಗಿರಲಿಲ್ಲ. ಆದರೂ ಭೇದವನ್ನು ಗಮನಿಸಿರಿ. ಮುಂಜಾನೆ ಎದ್ದು ಮರವನ್ನು ಕೆತ್ತಿ ಹಾಲು ಕೂಡಿಸುವ ಒಂದೇ ಕೆಲಸ. ಭೂಮಿಯೂ ಮರವೂ ಮನೆಯೂ ಧಣಿಯವು. ತೋಟದ ಲೈನುಮನೆಯಲ್ಲಿ ಇರುವವನು ಕೆಲಸವನ್ನು ಬಿಟ್ಟರೆ ಸೂರನ್ನೂ ಬಿಡಬೇಕೆಂಬ ಭಯದಿಂದ ಬೇರೆ ಕೆಲಸವನ್ನು ಹುಡುಕುವದಕ್ಕೆ ಹಿಂಜರಿಯುವನು. 2011ರ ನಂತರ ರಬ್ಬರಿನ ಬೆಲೆ ಬಿದ್ದಾಗ ಆ ಕಸುಬಿನ ಮೇಲೆಯೇ ನಿಂತವರಿಗೆಲ್ಲಾ ಕಳವಳವಾಯಿತು. ಮಕ್ಕಳು ಕನ್ನಡ ಶಾಲೆಯಲ್ಲಿ ಓದಿ ಮೇಲೆ ಬಂದರೂ ಜಾತಿಯ ಪ್ರಮಾಣಪತ್ರಕ್ಕೋಸ್ಕರ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಯಿತು. ಮೊದಲಿನವರಿಗೆ ಕೊಟ್ಟದ್ದು ಬಂಡವಲು, ಇವರಿಗೆ ಕೊಟ್ಟದ್ದು ಕೂಲಿ.

ಹಾಗಾದರೆ ಬೈಲಕುಪ್ಪೆಯಲ್ಲಿ ಎಲ್ಲಾ ಸರಿಯಾಯಿತೋ? ಇಲ್ಲ. ಮನೆಗಳು ಹೆಚ್ಚಿದವು, ಎಕರೆಗಳು ಹೆಚ್ಚಲಿಲ್ಲ. ಓದಿದ ಮಕ್ಕಳಿಗೆ ಹೊಲ ಬೇಡ. ಪಟ್ಟಣಕ್ಕೆ ಹೋದರೆ ಪೌರನಲ್ಲವೆಂಬ ಕಾರಣದಿಂದ ಹಲವು ಬಾಗಲುಗಳು ಮುಚ್ಚಿದ್ದವು. 2014ರಲ್ಲಿ ಕೇಂದ್ರ ಸರಕಾರವು ಟಿಬೆಟಿನವರ ಪುನರ್ವಸತಿಯ ಧೋರಣೆಯನ್ನು ಪ್ರಕಟಿಸಿ, ದಾದಿ, ಉಪಾಧ್ಯಾಯ, ವೈದ್ಯ, ಇಂಜಿನಿಯರ್ ಮೊದಲಾದ ಯೋಗ್ಯತೆಯುಳ್ಳವರು ಆಯಾ ಕೆಲಸ ಮಾಡಬಹುದೆಂದೂ, ವ್ಯಾಪಾರಕ್ಕೆ ಪರವಾನಗಿ ಕೊಡಬಹುದೆಂದೂ ರಾಜ್ಯಗಳಿಗೆ ತಿಳಿಸಿತು. ಅವರು ಬಂದು 50 ವರುಷ ಕಳೆದ ಮೇಲೆ ಈ ಮಾತು ಕಾಗದಕ್ಕೆ ಇಳಿಯಿತು!

ಈಗ ನಮ್ಮ ಊರುಗಳನ್ನು ನೋಡೋಣ. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಿಗೆ ಅಸ್ಸಾಮಿನಿಂದಲೂ ಜಾರ್ಖಂಡಿನಿಂದಲೂ ಕೆಲಸದವರು ಬರುತ್ತಾರೆ. ಅವರು ಆಶ್ರಯಾರ್ಥಿಗಳಲ್ಲ, ಈ ದೇಶದವರೇ. ಆದರೂ ಭಾಷೆ ತಿಳಿಯದೆ, ಮೇಸ್ತ್ರಿ ಹೇಳಿದ್ದೇ ಲೆಕ್ಕವೆಂದು ನಂಬಬೇಕಾದವರು. ಪರರಾಜ್ಯದ ಕೆಲಸದವನಿಗೆ ಅದೇ ಕೆಲಸಕ್ಕೆ ಸ್ಥಳೀಯನಷ್ಟೇ ಕೂಲಿ ಸಲ್ಲಬೇಕೆಂದು 1979ರ ಕಾನೂನಿನಲ್ಲಿಯೇ ವಿಧಿಸಲ್ಪಟ್ಟಿತ್ತು. 2021ರಲ್ಲಿ ಅಸಂಘಟಿತ ಕೆಲಸದವರ ನೋಂದಣಿಗಾಗಿ ಇ-ಶ್ರಮ ಎಂಬ ಏರ್ಪಾಡು ಆರಂಭವಾಯಿತು. ಇವುಗಳ ಹೆಸರನ್ನೇ ಕೇಳದವರು ಅವರಲ್ಲಿ ಇರಬಹುದು. ನಮ್ಮ ಸಭೆಗಳಲ್ಲಿ ಓದುಬರಹ ಬಲ್ಲ ಯೌವನಸ್ಥರು ಇದ್ದಾರೆ. ಸಾಯಂಕಾಲ ಒಂದು ತಾಸು ಕೂತು, ಅವರಿಗೆ ಹತ್ತು ಕನ್ನಡ ಮಾತುಗಳನ್ನು ಕಲಿಸಿ, ಕೂಲಿಯ ದಿನಗಳನ್ನು ಅವರ ಸ್ವಂತ ಪುಸ್ತಕದಲ್ಲಿ ಬರಕೊಟ್ಟರೆ, ಶನಿವಾರ ಮೇಸ್ತ್ರಿಯ ಲೆಕ್ಕದೊಂದಿಗೆ ಅದನ್ನು ಹೋಲಿಸಿ ನೋಡಬಹುದು.