ಇಂಗ್ಲಿಷ್ ಹೇಳಿಕೊಡುವವರಿಗೆ ಮೇಷ್ಟ್ರ ಕಿವಿಮಾತು

ಚಂದಾಪುರದ ವಠಾರಗಳಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಲು ಹೊರಟಿರುವ ಹುಡುಗ ಹುಡುಗಿಯರೇ, ಬೊಮ್ಮಸಂದ್ರ, ಜಿಗಣಿಯ ಕಾರ್ಖಾನೆಗಳಿಗೆ ದುಡಿಯಲು ಬಂದವರ ಮಕ್ಕಳು ಇವರು. ಒಬ್ಬನ ಊರು ರಾಯಚೂರಿನ ಕಡೆ, ಇನ್ನೊಬ್ಬಳದು ಒಡಿಶಾ, ಪಕ್ಕದ ಮನೆಯವರದು ಬಿಹಾರ. ನಿವೃತ್ತ ಮೇಷ್ಟ್ರ ನಾಲ್ಕು ಮಾತು ಕೇಳಿಕೊಂಡು ಹೋಗಿ.

• ಮೊದಲು ಶಾಲೆ, ಆಮೇಲೆ ನಿಮ್ಮ ಪಾಠ. ಟಿ.ಸಿ. ಇಲ್ಲ, ಜನನ ಪತ್ರ ಇಲ್ಲ ಎಂದು ಎಷ್ಟೋ ತಂದೆತಾಯಿ ಶಾಲೆಯ ಗೇಟಿನವರೆಗೂ ಹೋಗುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ಎಂಟನೇ ತರಗತಿವರೆಗೆ ವಯಸ್ಸಿನ ದಾಖಲೆ ಇಲ್ಲವೆಂದೋ ಟಿ.ಸಿ. ತಡವಾಯಿತೆಂದೋ ಮಗುವನ್ನು ವಾಪಸ್ ಕಳಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ನೀವೇ ಜೊತೆಗೆ ಹೋಗಿ ಸೇರಿಸಿ ಬನ್ನಿ.

• ಮನೆಮಾತು ಯಾವುದೆಂದು ಕೇಳಿ ತಿಳಿಯಿರಿ. ಒಡಿಯಾ, ಭೋಜಪುರಿ, ತೆಲುಗು, ಯಾವುದಾದರೂ ಸರಿ, ಅದನ್ನು ಬಿಡಿಸಬೇಡಿ. ‘ಮನೆಯಲ್ಲೂ ಇಂಗ್ಲಿಷೇ ಆಡಿ’ ಎಂದು ತಾಯಿಯನ್ನು ಕಂಗೆಡಿಸಬೇಡಿ. ಆಕೆ ತನ್ನ ಮಾತಿನಲ್ಲಿ ದಿನಾ ಒಂದು ಕಥೆ ಹೇಳಲಿ. ಕಥೆ ಕೇಳಿ ಬೆಳೆದ ಮಗುವಿಗೆ ಇನ್ನೊಂದು ಭಾಷೆ ಬೇಗ ಒಗ್ಗುತ್ತದೆ.

• ಎಬಿಸಿಡಿ ತಿದ್ದಿಸುವುದರಿಂದ ಶುರು ಮಾಡಬೇಡಿ. ಶಿಫ್ಟ್, ಗೇಟ್, ಲೋಡ್, ಸಿಲಿಂಡರ್, ರೀಚಾರ್ಜ್ ಇವೆಲ್ಲ ಮನೆಯಲ್ಲೇ ಮಗುವಿನ ಕಿವಿಗೆ ಬಿದ್ದಿವೆ. ಅವನ್ನೇ ವಾಕ್ಯದಲ್ಲಿ ಕೂರಿಸಿ: ‘ಮೈ ಫಾದರ್ ಹ್ಯಾಸ್ ನೈಟ್ ಶಿಫ್ಟ್.’ ಅಕ್ಷರಕ್ಕೆ ಬಿಸ್ಕತ್ತಿನ ಪೊಟ್ಟಣ, ಬಸ್ಸಿನ ಬೋರ್ಡು ಸಾಕು.

• ಕೆಲವರು ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ದಡ್ಡರೆಂದುಕೊಳ್ಳಬೇಡಿ, ಕೇಳಿಸಿಕೊಳ್ಳುತ್ತಿರುತ್ತಾರೆ. ‘ಓಪನ್ ದ ಬ್ಯಾಗ್’, ‘ಗಿವ್ ಮಿ ದ ಪೆನ್’ ಎನ್ನಿ. ಉತ್ತರ ಹೇಳದಿದ್ದರೂ ಮಾಡಿ ತೋರಿಸಲಿ.

• ತಪ್ಪಿಗೆ ನಗಬೇಡಿ. ಬಂಗಾಳದ ಮಗು ವ್ಯಾನನ್ನು ‘ಭ್ಯಾನ್’ ಎಂದರೆ, ನಮ್ಮವರು ಎಗ್ಗನ್ನು ‘ಯೆಗ್’ ಅನ್ನುವುದಿಲ್ಲವೇ? ‘ಯೆಸ್ಟರ್‌ಡೇ ಹಿ ಗೋ ಡ್ಯೂಟಿ’ ಎಂದಾಗ ‘ಓಹೋ, ಹಿ ವೆಂಟ್ ಟು ಡ್ಯೂಟಿ?’ ಎಂದು ಮಾತು ಮುಂದುವರಿಸಿ. ಬೈಗುಳಕ್ಕಿಂತ ಅದು ನಾಟುತ್ತದೆ.

• ಪುಸ್ತಕಕ್ಕೆ ದುಡ್ಡಿಲ್ಲ ಎನ್ನಬೇಡಿ. ಬೆಂಗಳೂರಿನದೇ ಆದ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಮಕ್ಕಳ ಕಥೆಗಳು ಉಚಿತ. ಒಂದೇ ಕಥೆ ಎಷ್ಟೋ ಭಾಷೆಗಳಲ್ಲಿ ಸಿಗುತ್ತದೆ. ಮೊದಲು ಮನೆಮಾತಿನಲ್ಲಿ ಓದಿ, ಮಾರನೇ ದಿನ ಅದನ್ನೇ ಇಂಗ್ಲಿಷಿನಲ್ಲಿ ಓದಿ.

• ಕನ್ನಡವನ್ನು ಬದಿಗೆ ಸರಿಸಬೇಡಿ. ಆಟದ ಗೆಳೆತನ, ಬಿಸಿಯೂಟದ ಸಾಲಿನ ಹರಟೆ ಕನ್ನಡದಲ್ಲೇ ನಡೆಯುತ್ತದೆ. ಗೆಳೆಯರು ಸಿಕ್ಕರೆ ಮಗು ಶಾಲೆಗೆ ತಪ್ಪಿಸುವುದು ಕಡಿಮೆ. ಶಾಲೆಗೆ ಹೋದರೆ ತಾನೇ ಇಂಗ್ಲಿಷೂ ಬರುವುದು?

• ಭಾನುವಾರ ಮೂರು ಗಂಟೆ ಕೂರಿಸುವುದಕ್ಕಿಂತ ದಿನಾ ಇಪ್ಪತ್ತು ನಿಮಿಷ ಮೇಲು.

• ಗುತ್ತಿಗೆ ಮುಗಿದರೆ ಸಂಸಾರ ಅತ್ತಿಬೆಲೆಗೋ ಹೊಸೂರಿಗೋ ಹೊರಟುಬಿಡುತ್ತದೆ. ಮಗು ಏನೇನು ಕಲಿತಿದೆ, ಯಾವ ಕಥೆ ಓದಬಲ್ಲದು ಎಂದು ಒಂದು ನೋಟ್‌ಬುಕ್ಕಿನಲ್ಲಿ ಆಗಾಗ ಬರೆದು ಅದರ ಚೀಲದಲ್ಲೇ ಇಡಿ. ಹೊಸ ಊರಿನ ಮೇಷ್ಟ್ರು ಅಲ್ಲಿಂದಲೇ ಮುಂದುವರಿಸಬಹುದು.