ಹಿಂದುಳಿದ ಮಕ್ಕಳು ಮತ್ತು ಬಿನೆ

ಪಾಠ ತಲೆಗೆ ಹತ್ತದ ಮಗುವನ್ನು ದಡ್ಡನೆಂದು ಕರೆಯುವುದು ಸುಲಭ. ಏಕೆ ಹತ್ತುತ್ತಿಲ್ಲವೆಂದು ಅರಿಯುವುದು ಕಷ್ಟ. ಈ ಕಷ್ಟದ ಕೆಲಸಕ್ಕೆ ಕೈಹಾಕಿದವರಲ್ಲಿ ಫ್ರಾನ್ಸಿನ ಮನೋವಿಜ್ಞಾನಿ ಆಲ್ಫ್ರೆಡ್ ಬಿನೆ (1857–1911) ಪ್ರಮುಖನು.

1882ರಲ್ಲಿ ಫ್ರಾನ್ಸ್ ದೇಶವು ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿತು. ಶಾಲೆಗೆ ಬಂದ ಮಕ್ಕಳೆಲ್ಲರೂ ಒಂದೇ ವೇಗದಲ್ಲಿ ಕಲಿಯಲಿಲ್ಲ. ಹಿಂದುಳಿದವರಿಗೆ ಯಾವ ಬಗೆಯ ಶಿಕ್ಷಣ ತಕ್ಕದ್ದೆಂದು ವಿಚಾರಿಸಲು ಸರ್ಕಾರವು 1904ರಲ್ಲಿ ಆಯೋಗವೊಂದನ್ನು ನೇಮಿಸಿತು. ಬಿನೆ ಅದರ ಸದಸ್ಯನಾಗಿದ್ದನು. ಅಂಥ ಮಕ್ಕಳನ್ನು ಗುರುತಿಸಲು ಉಪಾಧ್ಯಾಯರ ಅಥವಾ ವೈದ್ಯರ ಅಭಿಪ್ರಾಯವಲ್ಲದೆ ಬೇರೆ ಆಧಾರವಿರಲಿಲ್ಲ. ತರಗತಿಗೆ ತಲೆನೋವಾದ ತುಂಟನೂ ಮಂದಬುದ್ಧಿಯವನೆನಿಸಿಕೊಳ್ಳಬಹುದಾಗಿತ್ತು. ಬಾಯಿ ಬಿಡದ ಸಂಕೋಚದ ಹುಡುಗಿಯೂ ಅಷ್ಟೆ.

ಬಿನೆಯು ವೈದ್ಯನಾದ ಥಿಯೊಡೋರ್ ಸಿಮೊನ್‌ನೊಡನೆ ಕೂಡಿ 1905ರಲ್ಲಿ 30 ಅಂಶಗಳ ಪರೀಕ್ಷೆಯೊಂದನ್ನು ಸಿದ್ಧಪಡಿಸಿದನು. ಉರಿಯುವ ಕಡ್ಡಿಯನ್ನು ಕಣ್ಣಿನಿಂದ ಹಿಂಬಾಲಿಸುವುದು, ಚಿತ್ರದಲ್ಲಿರುವ ವಸ್ತುಗಳನ್ನು ಹೆಸರಿಸುವುದು, ಕೇಳಿದ ಅಂಕಿಗಳನ್ನು ಮರಳಿ ಹೇಳುವುದು, ಎರಡು ಪೆಟ್ಟಿಗೆಗಳಲ್ಲಿ ಭಾರವಾದುದನ್ನು ತೋರಿಸುವುದು—ಹೀಗೆ ಸರಳವಾದುದರಿಂದ ಕಠಿಣವಾದುದರೆಡೆಗೆ ಅದು ಸಾಗುತ್ತಿತ್ತು. ಪುಸ್ತಕದಿಂದ ಕಲಿತುದನ್ನು ಅಳೆಯುವುದು ಅದರ ಉದ್ದೇಶವಾಗಿರಲಿಲ್ಲ. 1908ರಲ್ಲಿ ಪ್ರಶ್ನೆಗಳನ್ನು ವಯಸ್ಸಿಗನುಗುಣವಾಗಿ ಜೋಡಿಸಲಾಯಿತು.

ಮುಂದೆ ಅನ್ಯದೇಶಗಳಲ್ಲಿ ಕೆಲವರು ಈ ಅಳತೆಯನ್ನು ಮಗುವಿನ ಹಣೆಬರಹವೆಂಬಂತೆ ಬಳಸಿದರು. ಇದು ಬಿನೆಯ ಆಶಯಕ್ಕೆ ತೀರ ವಿರುದ್ಧವಾದುದು. ಬುದ್ಧಿಯು ಹುಟ್ಟಿನಿಂದ ಬಂದಷ್ಟೇ, ಬೆಳೆಯದು ಎಂಬ ವಾದವನ್ನು ಅವನು 1909ರ ತನ್ನ ಗ್ರಂಥದಲ್ಲಿ ಬಲವಾಗಿ ಖಂಡಿಸಿದ್ದಾನೆ. ಪಾಠಕ್ಕಿಂತ ಮೊದಲು ಗಮನವಿಡುವುದನ್ನು ಕಲಿಸಬೇಕೆಂಬುದು ಅವನ ಮತ. ಅದಕ್ಕಾಗಿ ವಿಶೇಷ ತರಗತಿಗಳಲ್ಲಿ ಒಂದು ಆಟವಿತ್ತು. ಉಪಾಧ್ಯಾಯರು ಸನ್ನೆ ಮಾಡಿದೊಡನೆ ಮಕ್ಕಳು ಪ್ರತಿಮೆಗಳಂತೆ ನಿಶ್ಚಲರಾಗಿ ನಿಲ್ಲಬೇಕು. ಮೊದಲು ಕೂಗು, ನಗೆ, ತಳ್ಳಾಟ. ಕ್ರಮೇಣ ಚಂಚಲರಾದವರೂ ಸ್ಥಿರವಾಗಿ ನಿಲ್ಲಬಲ್ಲವರಾದರು. ಮಕ್ಕಳ ದೃಷ್ಟಿಯನ್ನು ಪರೀಕ್ಷಿಸಬೇಕೆಂದೂ ಬಿನೆ ಹೇಳಿದನು. ಕರಿಹಲಗೆಯ ಅಕ್ಷರವೇ ಕಾಣದ ಮಗುವಿಗೆ ಬೇಕಾದುದು ಕನ್ನಡಕ, ಬೈಗುಳವಲ್ಲ.

ನಮ್ಮ ನಾಡಿಗೂ ಈ ಕಾರ್ಯ ಬಂದಿತು. 1930ರ ದಶಕದಲ್ಲಿ ಧಾರವಾಡದಲ್ಲಿ ವಿ. ವಿ. ಕಾಮತರು ಬಿನೆಯ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿಗಳಿಗೆ ಅಳವಡಿಸಿದರು. ಇದಕ್ಕೆ ಬರಿಯ ಭಾಷಾಂತರ ಸಾಲದು. ಪ್ಯಾರಿಸ್ಸಿನ ಆರು ವರ್ಷದ ಮಗು ಉತ್ತರಿಸುವ ಪ್ರಶ್ನೆಗೆ ಇಲ್ಲಿನ ಮಗು ಯಾವ ವಯಸ್ಸಿನಲ್ಲಿ ಉತ್ತರಿಸುವುದೆಂಬುದನ್ನು ಇಲ್ಲಿನ ಮಕ್ಕಳನ್ನೇ ಕೇಳಿ ಗೊತ್ತುಮಾಡಬೇಕು. ಕಾಮತರು ಆ ಶ್ರಮವಹಿಸಿದರು. ಅವರ ಪರೀಕ್ಷೆಯು ಬಿನೆ–ಕಾಮತ್ ಪರೀಕ್ಷೆಯೆಂಬ ಹೆಸರಿನಿಂದ ಭಾರತದಲ್ಲಿ ಬಹುಕಾಲ ಬಳಕೆಯಲ್ಲಿ ಉಳಿಯಿತು.