ತೋಟದ ಮನೆಗೆ ಹತ್ಯಾರ: ಅಗ್ಗದ್ದು ಯಾವುದು ಆದೀತು, ಯಾವುದು ಆಗದು?

ಹಿಂದೆ ಸಣ್ಣ ಹಿಡುವಳಿದಾರರ ಮನೆಯಲ್ಲಿ ಕತ್ತಿ, ಹಾರೆ, ಗುದ್ದಲಿ, ಪಿಕಾಸಿ ಇಷ್ಟಿದ್ದರೆ ತೋಟದ ಕೆಲಸ ಸಾಗುತ್ತಿತ್ತು. ಈಗ ಎರಡು ಎಕರೆ ಅಡಿಕೆ, ಮೂರು ಎಕರೆ ಕಾಫಿ ಇರುವವರ ಕೊಟ್ಟಿಗೆಯಲ್ಲೂ ಪಂಪ್‌ಸೆಟ್ಟು, ಔಷಧಿ ಹೊಡೆಯುವ ಯಂತ್ರ, ಕಳೆ ಕೊಚ್ಚುವ ಯಂತ್ರ, ಪಲ್ಪರ್ ಇವುಗಳಲ್ಲಿ ಎರಡಾದರೂ ಇರುತ್ತವೆ. ಯಂತ್ರ ಬಂದ ಮೇಲೆ ಅದನ್ನು ಬಿಚ್ಚುವ, ಬಿಗಿಯುವ, ಕೊಯ್ಯುವ ಹತ್ಯಾರವೂ ಮನೆಯಲ್ಲಿರಬೇಕು.

ಯಂತ್ರ ಕೆಡುವುದು ಬಿಡುವಿನ ದಿನಗಳಲ್ಲಲ್ಲ. ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲು ಒಮ್ಮೆ, ಅದಾಗಿ 40-45 ದಿನಕ್ಕೆ ಇನ್ನೊಮ್ಮೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಎರಡನೆಯ ಸಲ ಹೊಡೆಯುವಾಗ ಮಳೆ ನಡುಮಧ್ಯ. ಹೊಳವು ಸಿಗುವುದು ನಾಲ್ಕಾರು ಗಂಟೆ. ಮರ ಹತ್ತುವವರು ಬಂದು ನಿಂತಿರುವಾಗ ಸಡಿಲ ಸ್ಪಾನರ್ ಜಾರಿ ಪಂಪಿನ ಬೋಲ್ಟಿನ ಮೂಲೆಗಳು ಸವೆದು ಹೋದರೆ ಆ ದಿನ ಹೋಯಿತು. ಸ್ಪಾನರಿನಲ್ಲಿ ಉಳಿಸಿದ ಹಣವನ್ನು ಉದುರಿದ ಅಡಿಕೆಯ ಜೊತೆಗಿಟ್ಟು ಲೆಕ್ಕ ಹಾಕಬೇಕಾಗುತ್ತದೆ.

ಹಾಗೆಂದು ಎಲ್ಲವನ್ನೂ ದುಬಾರಿ ಬೆಲೆಗೇ ಕೊಳ್ಳಿರೆಂದು ನಾವು ಹೇಳುವುದಿಲ್ಲ. ಕೊಯ್ಯುವ ಬಾಯಿ, ಹಿಡಿಯುವ ಬಾಯಿ ಇರುವ ಹತ್ಯಾರಕ್ಕೂ ನಮ್ಮ ಮೈಗೂ ಜೀವಕ್ಕೂ ಸಂಬಂಧಿಸಿದ್ದಕ್ಕೂ ಹಣ ಹಾಕಿರಿ; ಬಡಿಯುವ, ಅಳೆಯುವ, ಆನಿಸಿಡುವ ಸಾಮಾನಿನಲ್ಲಿ ಉಳಿಸಿರಿ ಎಂಬುದೇ ನಮ್ಮ ಸಲಹೆ.

ಸ್ಪಾನರ್

ಸಂತೆಯಲ್ಲಿ, ಜಾತ್ರೆಯಲ್ಲಿ ಪ್ಲಾಸ್ಟಿಕ್ ಪೆಟ್ಟಿಗೆ ತುಂಬ ನೂರೆಂಟು ತುಂಡುಗಳ ಸೆಟ್ಟು ಅಗ್ಗಕ್ಕೆ ಸಿಗುತ್ತದೆ. ಅದರಲ್ಲಿ ನಮಗೆ ಬೇಕಾದದ್ದು ಹತ್ತೂ ಇರುವುದಿಲ್ಲ. 6 ಮಿ.ಮೀ. ಬೋಲ್ಟಿನ ತಲೆಗೆ 10ರ ಸ್ಪಾನರ್, 8ರ ಬೋಲ್ಟಿಗೆ 13, 10ರ ಬೋಲ್ಟಿಗೆ 17 (ಕೆಲವಕ್ಕೆ 16), 12ರ ಬೋಲ್ಟಿಗೆ 19 (ಕೆಲವಕ್ಕೆ 18) ಬೇಕು. ಆದ್ದರಿಂದ 10-11, 12-13, 16-17, 18-19 ಎಂಬ ನಾಲ್ಕೇ ಜೋಡಿ ಸ್ಪಾನರ್ ಇದ್ದರೆ ತೋಟದ ಯಂತ್ರಗಳ ಬಹುಪಾಲು ಬೋಲ್ಟುಗಳು ಬಿಚ್ಚುತ್ತವೆ. ಇವನ್ನು ಬಿಡಿಯಾಗಿ, ಒಳ್ಳೆಯ ತಯಾರಿಕೆಯದನ್ನೇ ಕೊಳ್ಳಿರಿ.

ಬಾಯಿ ತೆರೆದ ಸ್ಪಾನರ್ ಬೋಲ್ಟಿನ ಎರಡು ಮುಖಗಳನ್ನು ಮಾತ್ರ ಹಿಡಿಯುತ್ತದೆ. ರಿಂಗ್ ಸ್ಪಾನರ್ ಆರು ಮೂಲೆಗಳನ್ನೂ ಹಿಡಿಯುತ್ತದೆ. ತುಕ್ಕು ಹಿಡಿದ ಬೋಲ್ಟನ್ನು ಮೊದಲು ರಿಂಗಿನಿಂದಲೇ ಸಡಿಲಿಸತಕ್ಕದ್ದು. ಸ್ಕ್ರೂ ಸ್ಪಾನರ್ ಒಂದಿದ್ದರೆ ಎಲ್ಲಕ್ಕೂ ಸಾಕೆಂದು ಭಾವಿಸುವವರುಂಟು. ಅಗ್ಗದ ಸ್ಕ್ರೂ ಸ್ಪಾನರಿನ ದವಡೆ ಒತ್ತಡ ಬಿದ್ದೊಡನೆ ಹಿಂದೆ ಸರಿಯುತ್ತದೆ. ಬೋಲ್ಟಿನ ತಲೆ ಕೆಡುವುದು ಹೆಚ್ಚಾಗಿ ಅದರಿಂದಲೇ.

ಹ್ಯಾಕ್ಸಾ, ಅರ, ಡ್ರಿಲ್ ಬಿಟ್

ಹ್ಯಾಕ್ಸಾದ ಚೌಕಟ್ಟು ಬಾಗದಷ್ಟು ಗಟ್ಟಿಯಾಗಿದ್ದರೆ ಸಾಕು, ಅಗ್ಗದ್ದೇ ಆದೀತು. ಹಣ ಹಾಕಬೇಕಾದದ್ದು ಬ್ಲೇಡಿಗೆ. ದಪ್ಪ ಕಬ್ಬಿಣಕ್ಕೆ ಅಂಗುಲಕ್ಕೆ 18 ಹಲ್ಲು, ಪೈಪಿಗೆ 24, ತೆಳು ತಗಡಿಗೆ 32 ಹಲ್ಲಿನದು. ಕೊಯ್ಯುವ ವಸ್ತುವಿನ ದಪ್ಪದಲ್ಲಿ ಒಂದೇ ಸಲಕ್ಕೆ ಕನಿಷ್ಠ ಮೂರು ಹಲ್ಲು ತಾಗುತ್ತಿರಬೇಕೆಂಬುದು ಸೂತ್ರ. ಇಲ್ಲದಿದ್ದರೆ ಹಲ್ಲು ಸಿಕ್ಕಿ ಮುರಿಯುತ್ತದೆ. ಹಲ್ಲುಗಳ ಮುಖ ಹಿಡಿಯಿಂದ ಮುಂದಕ್ಕೆ ಇರುವಂತೆ ಬ್ಲೇಡು ಹಾಕಬೇಕು.

ಡ್ರಿಲ್ ಬಿಟ್‌ಗಳ ದೊಡ್ಡ ಸೆಟ್ಟು ಬೇಡ. 3, 4, 5, 6, 8, 10 ಮಿ.ಮೀ.ನ ಆರು ಬಿಟ್‌ಗಳನ್ನು ಹೈಸ್ಪೀಡ್ ಸ್ಟೀಲಿನದಾಗಿ ನೋಡಿ ತೆಗೆದುಕೊಂಡರೆ ವರ್ಷಗಟ್ಟಲೆ ಬರುತ್ತವೆ. ಅರ ಎರಡು ಸಾಕು: ಒಂದು ಚಪ್ಪಟೆ, ಒಂದು ಅರ್ಧದುಂಡು.

ಕತ್ತಿಗಳ ಮಾತು ಬೇರೆ. ನಮ್ಮ ಕಮ್ಮಾರರು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿಕೊಡುವ ಕತ್ತಿ, ಮೆಟ್ಟುಗತ್ತಿ ಅಂಗಡಿಯ ಹೊಳೆಯುವ ಮಾಲಿಗೆ ಏನೂ ಕಡಿಮೆಯಲ್ಲ; ಸ್ಪ್ರಿಂಗಿನ ಉಕ್ಕು ಚೆನ್ನಾಗಿ ಹದ ಹಿಡಿಯುತ್ತದೆ. ಆದರೆ ಅದನ್ನು ಮೋಟಾರಿನ ಸಾಣೆಗೆ ಹಿಡಿಯುವಾಗ ಪದೇ ಪದೇ ನೀರಿನಲ್ಲಿ ಅದ್ದಬೇಕು. ಬಾಯಿ ನೀಲಿ ಬಣ್ಣಕ್ಕೆ ತಿರುಗಿತೆಂದರೆ ಹದ ಹೋಯಿತೆಂದೇ ತಿಳಿಯಿರಿ. ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲದು.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆಗಳು

1. ಸ್ಪಾನರ್ ಕೊಳ್ಳುವಾಗ ಅದೇ ಅಂಗಡಿಯ ಹೊಸ ಬೋಲ್ಟೊಂದನ್ನು ಕೇಳಿ ಅದಕ್ಕೆ ತೊಡಿಸಿ ನೋಡಿರಿ. ಒತ್ತದೆ ಒಳಗೆ ಹೋಗಬೇಕು. ಹೋದ ಮೇಲೆ ಗಡಗಡ ಅಲುಗಬಾರದು.

2. ಕಟಿಂಗ್ ಪ್ಲೇಯರನ್ನು ಮುಚ್ಚಿ ಬೆಳಕಿಗೆ ಹಿಡಿಯಿರಿ. ಕತ್ತರಿಸುವ ಅಂಚುಗಳ ನಡುವೆ ಬೆಳಕು ಕಾಣಬಾರದು. ತೆಳುವಾದ ಕಾಗದವನ್ನು ಹರಿಯದೆ ಕತ್ತರಿಸಬೇಕು. ಕೀಲು ಅಡ್ಡಕ್ಕೆ ಅಲುಗಬಾರದು.

3. ಕತ್ತಿ, ಉಳಿಗಳಿಗೆ ಅರದ ಪರೀಕ್ಷೆ. ಅಂಗಡಿಯವರ ಒಪ್ಪಿಗೆ ಪಡೆದು, ಬಾಯಿಯ ಹತ್ತಿರ ಕಾಣದ ಕಡೆ ಅರದ ಮೂಲೆಯಿಂದ ಮೆಲ್ಲಗೆ ಉಜ್ಜಿರಿ. ಮರಕ್ಕೆ ಹತ್ತಿದಂತೆ ಆಳವಾಗಿ ಹತ್ತಿದರೆ ಕಬ್ಬಿಣ ಮೆದು. ಕಷ್ಟಪಟ್ಟು ತುಸುವೇ ಹತ್ತಿದರೆ ಹದ ಸರಿಯಿದೆ. ಗಾಜಿನ ಮೇಲೆ ಜಾರಿದಂತೆ ಪೂರಾ ಜಾರಿದರೆ ಅತಿ ಗಡಸು. ಕಲ್ಲಿಗೆ ತಾಗಿದಾಗ ಬಾಯಿ ಚೂರಾದೀತು.

4. ಸುತ್ತಿಗೆ, ಪಿಕಾಸಿಗಳ ಕಾವಿನಲ್ಲಿ ಮರದ ಎಳೆ ಉದ್ದಕ್ಕೂ ನೇರವಾಗಿ ಓಡಿರಬೇಕು. ಎಳೆ ಓರೆಯಾಗಿ ಅಂಚಿಗೆ ಬಂದಿದ್ದರೆ ಅಲ್ಲಿಯೇ ಸೀಳುತ್ತದೆ.

5. ಅಳತೆ ಟೇಪಿನ ತುದಿಯ ಕೊಕ್ಕೆ ಸ್ವಲ್ಪ ಅಲುಗುವುದು ದೋಷವಲ್ಲ. ಒಳ ಅಳತೆ, ಹೊರ ಅಳತೆ ಎರಡೂ ಸರಿ ಬರಲೆಂದು ಕೊಕ್ಕೆಯ ದಪ್ಪದಷ್ಟೇ ಅಲುಗುವಂತೆ ಮಾಡಿರುತ್ತಾರೆ. ಅದಕ್ಕಿಂತ ಹೆಚ್ಚು ಅಲುಗಿದರೆ ಬೇಡ.

ಮೇಲೆ ಅಚ್ಚೊತ್ತಿದ 'ಕ್ರೋಮ್ ವೆನೇಡಿಯಮ್' ಎಂಬ ಅಕ್ಷರವನ್ನೇ ನಂಬಬೇಡಿರಿ. ಅಕ್ಷರ ಯಾರೂ ಒತ್ತಬಹುದು. ಐ.ಎಸ್.ಐ. ಗುರುತಿದ್ದರೆ ಅದರ ಮೇಲ್ಗಡೆ ಐ.ಎಸ್. ಸಂಖ್ಯೆ, ಕೆಳಗಡೆ ಸಿ.ಎಂ./ಎಲ್. ಎಂದು ಆರಂಭವಾಗುವ ಪರವಾನಿಗೆ ಸಂಖ್ಯೆ ಇರಬೇಕು. ಆ ಸಂಖ್ಯೆ ನಿಜವೇ ಎಂಬುದನ್ನು ಮಾನಕ ಸಂಸ್ಥೆಯ 'ಬಿಐಎಸ್ ಕೇರ್' ಎಂಬ ಮೊಬೈಲ್ ಆ್ಯಪ್‌ನಲ್ಲಿ ನೋಡಬಹುದು. ಮನೆಯ ಮಕ್ಕಳಿಗೆ ಹೇಳಿದರೆ ಅರೆ ನಿಮಿಷದ ಕೆಲಸ.

ಅಗ್ಗ ಸಲ್ಲದ ಎರಡು ಸಾಮಾನು

ಮೊದಲನೆಯದು ಗ್ರೈಂಡರಿನ ಚಕ್ರ. ನಾಲ್ಕು ಅಂಗುಲದ ಕೈ ಗ್ರೈಂಡರ್ ಮಿನಿಟಿಗೆ ಸುಮಾರು 11,000 ಸುತ್ತು ತಿರುಗುತ್ತದೆ. ಚಕ್ರದ ಮೇಲೆ ಅದು ತಾಳುವ ವೇಗವನ್ನು ಅಚ್ಚು ಮಾಡಿರುತ್ತಾರೆ; ಅದು ಯಂತ್ರದ ವೇಗಕ್ಕಿಂತ ಹೆಚ್ಚಿರಲೇಬೇಕು. ಏನೂ ಬರೆಯದ ಚಕ್ರ, ಅಂಚು ಚಕ್ಕೆ ಎದ್ದದ್ದು, ತೇವ ತಿಂದದ್ದು, ಅವಧಿ ಮೀರಿದ್ದು ಯಾವುದೂ ಬೇಡ. ಕಾವಲು ತಗಡನ್ನು ಕಳಚಿ, ಕನ್ನಡಕವಿಲ್ಲದೆ ಅದನ್ನು ಹಿಡಿಯುವುದು ಕಣ್ಣನ್ನು ಪಣಕ್ಕಿಟ್ಟಂತೆ.

ಎರಡನೆಯದು ವಿದ್ಯುತ್ ಕೆಲಸದ ಹತ್ಯಾರ. ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯ ಹತ್ತಿರ ಹೋಗುವ ಸ್ಕ್ರೂ ಡ್ರೈವರ್, ಪ್ಲೇಯರುಗಳ ಮೇಲೆ 1000 ವೋಲ್ಟಿನ ಗುರುತಿರಬೇಕು. ಅಂಥದಿದ್ದರೂ ಮೇನ್ ಸ್ವಿಚ್ ಇಳಿಸಿ, ಫ್ಯೂಸು ಕಿತ್ತು ಕೈಯಲ್ಲಿಟ್ಟುಕೊಂಡೇ ಮುಟ್ಟತಕ್ಕದ್ದು.

ಉಳಿಸಬಹುದಾದ ಕಡೆ

ಸುತ್ತಿಗೆಯ ತಲೆ ಒಳ್ಳೆಯದಿದ್ದರೆ ಕಾವನ್ನು ಮನೆಯಲ್ಲೇ ಹಾಕಿಕೊಳ್ಳಬಹುದು. ತಡಸಲು ಮರ ಬಳುಕುತ್ತದೆ, ಮುರಿಯುವುದಿಲ್ಲ. ಕಾವಿಗೆ ಅದನ್ನು ಮೀರಿದ್ದು ವಿರಳ. ಯಂತ್ರದ ಕೆಲಸಕ್ಕೆ ಅರ್ಧ ಕಿಲೋ ಸುತ್ತಿಗೆ ಒಂದು ಸಾಕು.

ವೈಸನ್ನು ಹೊಸದಾಗಿ ಕೊಳ್ಳುವುದಕ್ಕಿಂತ ಗುಜರಿಯಲ್ಲಿ, ಮುಚ್ಚಿದ ವರ್ಕ್‌ಶಾಪುಗಳಲ್ಲಿ ಹುಡುಕುವುದು ಲೇಸು. ಹಳೆಯದರ ತೂಕವೇ ಬೇರೆ. ಸ್ಕ್ರೂವಿನ ಪುರಿ ಸವೆದಿಲ್ಲವೇ, ದವಡೆಗಳು ಸಮವಾಗಿ ಕೂಡುತ್ತವೆಯೇ, ಮೈಯಲ್ಲಿ ಬಿರುಕಿದೆಯೇ ನೋಡಿರಿ. ಮೇಲಿನ ತುಕ್ಕಿಗೆ ಹೆದರಬೇಕಾಗಿಲ್ಲ.

ಸಾಧಾರಣ ವರ್ನಿಯರ್ ಅಳತೆಗೋಲೂ ಬಹಳ ಉಪಯುಕ್ತ. ಬೇರಿಂಗಿನ ಸಂಖ್ಯೆ ಅಳಿಸಿ ಹೋಗಿದ್ದರೂ ಒಳಗೆ 20, ಹೊರಗೆ 47, ದಪ್ಪ 14 ಮಿ.ಮೀ. ಎಂದು ಅಳೆದು ಬರೆದೊಯ್ದರೆ ಅಂಗಡಿಯವರು 6204 ಎಂದು ತಿಳಿದು ಕೊಡುತ್ತಾರೆ. ಪೇಟೆಗೆ ಎರಡನೆಯ ಸಲ ಹೋಗುವುದು ತಪ್ಪುತ್ತದೆ.

ಕೂಡಿ ಕೊಳ್ಳುವುದು

ಚೈನ್ ಬ್ಲಾಕ್, ಪೈಪಿಗೆ ಪುರಿ ಹಾಕುವ ಡೈ, ದೊಡ್ಡ ಪೈಪ್ ರೆಂಚ್, ಬೇರಿಂಗ್ ಎಳೆಯುವ ಪುಲ್ಲರ್ ಇವು ವರ್ಷಕ್ಕೆ ಎರಡು ಸಲ ಬೇಕಾಗುವಂಥವು. ಒಬ್ಬೊಬ್ಬರೂ ಅಗ್ಗದ್ದನ್ನು ತಂದಿಟ್ಟು ತುಕ್ಕು ಹಿಡಿಸುವುದಕ್ಕಿಂತ, ನೆರೆಹೊರೆಯ ಐದಾರು ಮನೆಯವರು ಸೇರಿ ಒಳ್ಳೆಯದೊಂದನ್ನು ಕೊಳ್ಳಬಹುದು. ಯಾರ ಮನೆಯಲ್ಲಿರಬೇಕು, ಕೆಟ್ಟರೆ ಯಾರು ಸರಿಪಡಿಸಬೇಕು ಎಂಬುದನ್ನು ಮೊದಲೇ ಪುಸ್ತಕದಲ್ಲಿ ಬರೆದಿಟ್ಟರೆ ಮನಸ್ತಾಪವಿಲ್ಲ. ಸಹಕಾರವೆಂದರೆ ಮಾಲು ಮಾರುವುದಷ್ಟೇ ಅಲ್ಲವಲ್ಲ.

ಕಾಪಾಡುವುದು

ಮಲೆನಾಡಿನ ಮಳೆಗೆ ಎಂಥ ಉಕ್ಕೂ ತುಕ್ಕು ಹಿಡಿಯುತ್ತದೆ. ಹತ್ಯಾರವನ್ನು ಗೋಣಿಯಲ್ಲಿ ಸುತ್ತಿಡಬೇಡಿರಿ. ಗೋಣಿ ತೇವವನ್ನು ಹಿಡಿದಿಡುತ್ತದೆ. ಪೊಟ್ಯಾಷ್ ಚೀಲ, ಮೈಲುತುತ್ತ ಇಟ್ಟ ಕೋಣೆಯಲ್ಲಂತೂ ಇಡಲೇಬಾರದು. ಎರಡೂ ಕಬ್ಬಿಣವನ್ನು ತಿನ್ನುತ್ತವೆ. ಕೆಲಸವಾದ ಮೇಲೆ ಒರೆಸಿ, ಎಣ್ಣೆಬಟ್ಟೆ ಸವರಿ, ಒಲೆಯ ಬೆಚ್ಚಗೆ ತಾಗುವ ಗೋಡೆಗೆ ತೂಗುಹಾಕಿದರೆ ಸಾಕು.

ಎಲ್ಲವನ್ನೂ ಒಂದೇ ವರ್ಷ ಕೊಳ್ಳಬೇಕಾಗಿಲ್ಲ. ಮೊದಲ ವರ್ಷ ನಾಲ್ಕು ಸ್ಪಾನರ್, ಪ್ಲೇಯರ್, ಸ್ಕ್ರೂ ಡ್ರೈವರ್, ಸುತ್ತಿಗೆ, ಹ್ಯಾಕ್ಸಾ. ಮರುವರ್ಷ ರಿಂಗ್ ಸ್ಪಾನರ್, ಅರ, ವರ್ನಿಯರ್. ಆಮೇಲೆ ವೈಸ್, ಡ್ರಿಲ್. ರೋಹಿಣಿ ಮಳೆಗೆ ಮೊದಲೇ ಪೆಟ್ಟಿಗೆ ತೆರೆದು, ಔಷಧಿ ಪಂಪಿನ ಒಂದೊಂದು ಬೋಲ್ಟಿಗೂ ಸರಿಯಾದ ಸ್ಪಾನರ್ ಇದೆಯೇ ಎಂದು ತೊಡಿಸಿ ನೋಡಿಕೊಳ್ಳಿರಿ. ಇಲ್ಲದಿದ್ದರೆ ಪೇಟೆಗೆ ಹೋಗಿ ತರಲು ಆಗ ಇನ್ನೂ ಸಮಯವಿರುತ್ತದೆ.